ಬಲಗಾಲಿನ ಗೇರು

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಕೋಣೆಗೂ ಆಕ್ಸಿಜನ್ ಸಿಲಿಂಡರುಗಳನ್ನು ಇಡುವ ಷೆಡ್ಡಿಗೂ ನಡುವೆ, ಕೃತಕ ಕಾಲು ಮಾಡುವ ವಿಭಾಗವಿದೆ. ಇರುವುದು ಎರಡೇ ಕೋಣೆ. ಒಳಗಿನದರಲ್ಲಿ ಕೆಲಸ: ಪ್ಲಾಸ್ಟರಿನ ಅಚ್ಚುಗಳು, ಪ್ಲಾಸ್ಟಿಕ್ ಹಾಳೆಯನ್ನು ಮೆತ್ತಗೆ ಮಾಡುವ ಒಲೆ, ಉಜ್ಜುವ ಯಂತ್ರ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಪಾದಗಳು. ಹೊರಗಿನದರಲ್ಲಿ ನಡಿಗೆಯ ಅಭ್ಯಾಸ: ಜೋಡಿ ಕಂಬಿ, ಆಳೆತ್ತರದ ಕನ್ನಡಿ, ಮತ್ತು ಎಲ್ಲಿಗೂ ಹೋಗದ ನಾಲ್ಕು ಮರದ ಮೆಟ್ಟಿಲು.

ಇಪ್ಪತ್ತೊಂದು ವರ್ಷದಿಂದ ಅಲ್ಲಿ ಕಾಲು ಮಾಡುತ್ತಿದ್ದವಳನ್ನು ಎಲ್ಲರೂ ಕಾಲಕ್ಕ ಎಂದೇ ಕರೆಯುತ್ತಿದ್ದರು. ಕಾಲು ಕೊಡುವ ಅಕ್ಕ ಎಂದು ಅದಕ್ಕೊಂದು ಅರ್ಥ. ಹೇಳಿದ ಕಾಲಕ್ಕೆ ಬರದಿದ್ದರೆ ಮುಖ ಮೂತಿ ನೋಡದೆ ಬೈಯುತ್ತಾಳೆ ಎಂದು ಇನ್ನೊಂದು. ಎರಡೂ ನಿಜವೇ. ಅವಳಿಗಿಂತ ಹತ್ತು ಹದಿನೈದು ವರ್ಷ ದೊಡ್ಡವರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಮೋಟುಗಾಲನ್ನು ಅವಳ ಮಡಿಲ ಮೇಲಿಟ್ಟು ಕೂತವರಿಗೆ ತಾವು ಹಿರಿಯರೆಂಬ ಬಿಗುಮಾನ ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ.

ಅವಳ ಹತ್ತಿರ ಬರುತ್ತಿದ್ದ ಹತ್ತು ಜನರಲ್ಲಿ ಆರೇಳು ಜನ ಬೈಕಿನಿಂದ ಬಿದ್ದವರು. ಮೊದಮೊದಲು ಅವಳಿಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಕಾಲು ಹೋಗಿದೆ, ಮನೆಯಲ್ಲಿ ಹೆಂಡತಿ ಮಕ್ಕಳು ಕಣ್ಣೀರು ಹಾಕುತ್ತಿದ್ದಾರೆ, ಇವರು ನೋಡಿದರೆ ಗಾಡಿ ಏನಾಯಿತು ಎಂದು ಕೇಳುತ್ತಾರೆ. ಬ್ರೆಡ್ಡು ಹಂಚುವವನೊಬ್ಬ ತನ್ನ ಗಾಡಿಯ ಬೀಗದಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಅಚ್ಚು ತೆಗೆಸಿಕೊಂಡಿದ್ದ. ಸಿಟ್ಟು ಎಷ್ಟು ವರ್ಷ ತಾನೇ ತಾಳುತ್ತದೆ? ಅದು ಹೋಗಿ ಆ ಜಾಗದಲ್ಲಿ ಕುತೂಹಲ ಬಂದು ಕೂತಿತು. ಅಂಥದ್ದೇನಿದೆ ಅದರಲ್ಲಿ?

ನಲವತ್ಮೂರನೆಯ ವಯಸ್ಸಿನಲ್ಲಿ, ಯಾರಿಗೂ ಹೇಳದೆ, ಅವಳು ಡ್ರೈವಿಂಗ್ ಶಾಲೆಗೆ ಸೇರಿದಳು. ಶಾಲೆಯ ಗಾಡಿ ಹೊಸ ಮಾದರಿಯದು. ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ಮೊದಲ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಓಡಿಸುವಾಗ ಕಾಲು ಊರಿ ನಪಾಸಾದಳು. ಎರಡನೆಯದರಲ್ಲಿ ಪಾಸಾದಳು. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಅಮ್ಮನ ಮುಂದೆ ಇಟ್ಟಳು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದವಳು, ಯಾವ ಸುದ್ದಿಗೂ ಬೆಚ್ಚಿಬೀಳುವವಳಲ್ಲ. ಕನ್ನಡಕ ಸರಿಮಾಡಿಕೊಂಡು ಅದರ ಮೇಲಿನ ನಂಬರನ್ನು ಅಭ್ಯಾಸಬಲದಿಂದ ಒಂದು ಸಲ ಬಾಯಲ್ಲಿ ಹೇಳಿಕೊಂಡು, ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೀಯ ಎಂದಳು. ಆಮೇಲೆ, ನಿನ್ನ ಕೆಲಸದಲ್ಲಿ ಇರುವವರು ಮಾಡುವ ಕೆಲಸವಾ ಇದು ಎಂದು ಕೇಳಿದಳು. ಕಾಲಕ್ಕ ಲೈಸೆನ್ಸನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

ಹೊಸ ಗಾಡಿಗಳು ಅವಳಿಗೆ ಹಿಡಿಸಲಿಲ್ಲ. ಮೈತುಂಬ ಪ್ಲಾಸ್ಟಿಕ್ ಹೊದ್ದುಕೊಂಡು, ಯಾವುದು ಯಾವುದಕ್ಕೆ ಸೇರಿದೆ ಎಂದೇ ತಿಳಿಯದ ಹಾಗೆ ನಿಂತಿರುತ್ತಿದ್ದವು. ಕೀಲು, ತಿರುಪು, ತೂಕ ಎಲ್ಲಿ ಬಿದ್ದು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ನೋಡುವುದೇ ಬದುಕಾದವಳಿಗೆ ಎಲುಬು ಕಾಣುವ ಗಾಡಿ ಬೇಕಾಗಿತ್ತು. ಹಳೆಯ ಗಾಡಿಗಳನ್ನು ರಿಪೇರಿ ಮಾಡಿ ಮಾರುವ ಮೆಕ್ಯಾನಿಕ್ ಒಬ್ಬ ಟಿಂಬರ್ ಡಿಪೋದ ಹಿಂದೆ ಇದ್ದಾನೆಂದು ಯಾರೋ ಹೇಳಿದರು. ಅವನನ್ನು ಜನ ನಿಧಾನಿ ಎನ್ನುತ್ತಿದ್ದರು. ಒಂದು ನಟ್ಟು ಬಿಚ್ಚುವ ಮೊದಲು ಅದರ ಸುತ್ತ ಎರಡು ಸಲ ಒರೆಸಿ, ಮೂರನೆಯ ಸಲ ನೋಡಿ, ಆಮೇಲೆ ಸ್ಪ್ಯಾನರ್ ಹುಡುಕುವವನು.

ಷೆಡ್ಡಿನಲ್ಲಿ ಆಗ ಮೂರು ಹಳೆಯ ಗಾಡಿ ಇದ್ದವು. ಒಂದು ಎರಡು ಸಿಲಿಂಡರಿನ ಭಾರಿ ಗಾಡಿ, ಸೀಟಿನ ಮೇಲೆ ಕೂತರೆ ಅವಳ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಇನ್ನೊಂದು ಕಪ್ಪು ಬಣ್ಣದ್ದು, ಹೊಸದಾಗಿ ಬಣ್ಣ ಹೊಡೆದು ಥಳಥಳ ಹೊಳೆಯುತ್ತಿತ್ತು. ಕಾಲಕ್ಕ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಎರಡು ಚಕ್ರಗಳ ನೇರಕ್ಕೆ ನೋಡಿ, ಇದರ ಸೊಂಟ ಎಡಕ್ಕೆ ವಾಲಿದೆ ಎಂದಳು. ನಿಧಾನಿ ನಗುತ್ತ ಹೋಗಿ ದಾರ ತಂದು ಎಳೆದು ನೋಡಿದ. ಬೆರಳಿನಷ್ಟು ವ್ಯತ್ಯಾಸವಿತ್ತು. ಚಾಸಿ, ಎಂದರೆ ಗಾಡಿಯ ಚೌಕಟ್ಟು, ಯಾವಾಗಲೋ ಏಟು ತಿಂದು ನೇರ ಮಾಡಿಸಿಕೊಂಡಿತ್ತು. ಕೊಂಡು ತಂದ ಅವನಿಗೇ ಗೊತ್ತಾಗಿರಲಿಲ್ಲ. ಅಂದಿನಿಂದ ಅವನಿಗೆ ಅವಳ ಮೇಲೆ ಒಂದು ಮರ್ಯಾದೆ ಹುಟ್ಟಿತು.

ಮೂರನೆಯದು ಸಣ್ಣ ಗಾಡಿ, ಹಗುರ, ಮಾಸಿದ ನೀಲಿ ಬಣ್ಣ, ಹೊಗೆ ಉಗುಳುವ ಹಳೆಯ ಇಂಜಿನ್ನು. ಅದನ್ನೇ ತೆಗೆದುಕೊಳ್ಳಿ ಎಂದು ನಿಧಾನಿ ಹೇಳಿದ. ಗೇರು ಎಡಕ್ಕಿದೆ, ಬಿಡಿಭಾಗ ಸಿಗುತ್ತವೆ, ಬಿದ್ದರೂ ಒಬ್ಬರೇ ಎತ್ತಬಹುದು. ಅವಳ ಮುಖ ನೋಡಿ, ಒಪ್ಪಿಗೆಯಾಗಲಿಲ್ಲ ಎಂದು ತಿಳಿದು ಸೇರಿಸಿದ: "ಮೊದಲನೇ ಗಾಡಿ ಅಂದ್ರೆ ಗಂಡನಲ್ಲ ಅಕ್ಕ, ಜೀವಮಾನ ಇಟ್ಕೋಬೇಕು ಅಂತೇನಿಲ್ಲ. ಕಲಿಯೋಕೆ ಒಂದು ಗಾಡಿ, ಇಟ್ಕೊಳ್ಳೋಕೆ ಇನ್ನೊಂದು."

ನೋಡೋಣ ಎಂದು ಹೇಳಿ ಬಂದಳು. ಅದು ಒಳ್ಳೆಯ ಸಲಹೆಯೆಂದು ಅವಳಿಗೂ ಗೊತ್ತಿತ್ತು. ಆದರೆ ಆ ನೀಲಿ ಗಾಡಿ ನೋಡಿದಾಗ ಎದೆಯಲ್ಲಿ ಏನೂ ಆಗಿರಲಿಲ್ಲ.

ಆ ದಿನಗಳಲ್ಲೇ ಅವಳ ಹತ್ತಿರ, ಲಿಫ್ಟಿನವರು ಎಂದು ಎಲ್ಲರೂ ಕರೆಯುವ ಒಬ್ಬರು ಬರುತ್ತಿದ್ದರು. ಐವತ್ತಾರು ವಯಸ್ಸು, ಎತ್ತರದ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವ ಕೆಲಸ. ನಾಲ್ಕು ರಸ್ತೆ ಕೂಡುವ ಕಡೆ ವ್ಯಾನೊಂದು ಎಡಗಡೆಯಿಂದ ಬಂದು ಅವರ ಬೈಕಿಗೆ ಗುದ್ದಿ, ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕಾಲಕ್ಕ ಮಾಡಿಕೊಟ್ಟ ಕಾಲು ಚೆನ್ನಾಗಿಯೇ ಕೂತಿತ್ತು, ಆದರೆ ಅವರು ನಡೆಯಲೊಲ್ಲರು. ವಾರಕ್ಕೆ ಎರಡು ಸಲ ಹೆಂಡತಿ ಕರೆದುಕೊಂಡು ಬರುವುದು, ಇವರು ಜೋಡಿ ಕಂಬಿಯ ಪಕ್ಕದ ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಗಂಟೆಗಟ್ಟಲೆ ಕೂರುವುದು, ಹಾಗೇ ಎದ್ದು ಹೋಗುವುದು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವರು. ಅಂಗಡಿಗೆ ತಡವಾಗುತ್ತಿದ್ದರೂ ಒಂದು ದಿನವೂ ಗಂಡನ ಮೇಲೆ ದನಿ ಎತ್ತಿದವರಲ್ಲ.

ಒಂದು ದಿನ ಕಾಲಕ್ಕ ಫೋನಿನಲ್ಲಿ ನಿಧಾನಿಯ ಜೊತೆ ಕಪ್ಪು ಗಾಡಿಯ ಚಾಸಿಯ ವಿಷಯ ಮಾತಾಡುತ್ತಿದ್ದಳು. ಫೋನು ಇಟ್ಟು ತಿರುಗಿದಾಗ ಲಿಫ್ಟಿನವರು ಅವಳನ್ನೇ ನೋಡುತ್ತಿದ್ದರು.

"ಯಾವ ಗಾಡಿ?" ಎಂದರು. ಮೂರು ವಾರದಲ್ಲಿ ಅವರ ಬಾಯಿಂದ ಹೊರಟ ಮೊದಲ ಮಾತು ಅದು.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲವಾಯಿತು. ಹಳೆಯ ಗಾಡಿ ಕೊಳ್ಳುವಾಗ ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದರ್ಥ. ಇಂಜಿನ್ನಿನ ಮೇಲೆ ಕೊರೆದ ನಂಬರು ಗಾಡಿಯ ನೋಂದಣಿ ಪುಸ್ತಕದಲ್ಲಿರುವ ನಂಬರಿಗೆ ಹೊಂದಬೇಕು. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತುಕ್ಕು ನೋಡಬೇಕು. ಹ್ಯಾಂಡಲ್ ಹಿಡಿದು ಮುಂದಿನ ಚಕ್ರ ಎತ್ತಿ ಅಲ್ಲಾಡಿಸಬೇಕು. ಇದೆಲ್ಲವನ್ನೂ ಹೇಳುತ್ತ ಅವರು ಗೊತ್ತಿಲ್ಲದೆಯೇ ಕುರ್ಚಿಯಿಂದ ಎದ್ದು ನಿಂತಿದ್ದರು. ತಿರುವಿನಲ್ಲಿ ಮೈ ಹೇಗೆ ವಾಲಿಸಬೇಕೆಂದು ತೋರಿಸಲು ಕಂಬಿ ಹಿಡಿದು ಎಡಗಾಲಿನ ಮೇಲೆ ತೂಕ ಬಿಟ್ಟರು. ಕಾಲಕ್ಕ ಆ ಕಾಲನ್ನೇ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ತುಂಬಿಕೊಂಡವು. ಅವರು ಬೇಗ ಮುಖ ತಿರುಗಿಸಿದರು.

ಒಂದು ತಿಂಗಳಲ್ಲಿ ಲಿಫ್ಟಿನವರು ಕೋಲಿಲ್ಲದೆ ನಡೆಯತೊಡಗಿದರು. ಅವರ ಮಾತಿನಲ್ಲಿ ಅವರ ಗಾಡಿ ಬರುತ್ತಲೇ ಇತ್ತು. ಕಡುಹಸಿರು ಬಣ್ಣದ್ದು, ಒಂದೇ ಸಿಲಿಂಡರು. ಕೆಲಸ ಕಲಿಸಿದ ಫೋರ್‌ಮನ್ನನಿಂದ ಕೊಂಡದ್ದು, ಅಂದಿನಿಂದ ಮೂವತ್ತೊಂದು ವರ್ಷ ಅವರ ಕೈಯಲ್ಲೇ ಓಡಿದ್ದು.

ಹೀಗಿರುವಾಗ ಹೆಂಡತಿ ಒಬ್ಬರೇ ಬಂದರು, ಅಂಗಡಿಯ ಊಟದ ಬಿಡುವಿನಲ್ಲಿ. ಕಾಲಕ್ಕ ಒಂದು ಅಚ್ಚನ್ನು ಉಜ್ಜುತ್ತಿದ್ದಳು. ಕೈ ತುಂಬ ಬಿಳಿ ಪುಡಿ. ಅವರು ನಿಂತೇ ಮಾತಾಡಿದರು. ಗಾಡಿ ಮನೆಯ ಮುಂದಿನ ಕೋಣೆಯಲ್ಲೇ ಇದೆ, ಹಾಸಿಗೆಗೆ ಹೊದಿಸುವ ಚಾದರವನ್ನು ಅದಕ್ಕೆ ಹೊದಿಸಿದ್ದಾರೆ, ದಿನಾ ಬೆಳಗ್ಗೆ ಎದ್ದರೆ ಮೊದಲು ಅದೇ ಕಣ್ಣಿಗೆ ಬೀಳುತ್ತದೆ ಎಂದರು. "ಇವರ ಕಾಲು ಹೋಯ್ತು, ಅದಕ್ಕೆ ನೋಡಿದ್ರೆ ಟ್ಯಾಂಕಿನ ಮೇಲೆ ಒಂದು ಗುಳಿ. ಅಷ್ಟೆ. ನೀವು ಹಳೇ ಗಾಡಿ ನೋಡ್ತಾ ಇದೀರಂತಲ್ಲ. ತಗೊಂಡು ಹೋಗಿಬಿಡಿ. ನೀವು ಅಂದ್ರೆ ಇವರು ಕೊಟ್ಟಾರು."

ಅವರನ್ನೇ ಕೇಳಿ ನೋಡುತ್ತೇನೆ ಎಂದಳು ಕಾಲಕ್ಕ.

ಮುಂದಿನ ಭಾನುವಾರ ಅವರ ಮನೆಗೆ ಹೋದಳು. ನೆಲಮಹಡಿಯ ಮನೆ, ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಟೀಪಾಯಿ, ಗೋಡೆಗೆ ಒರಗಿದ ಹಾಗೆ ಚಾದರದ ಕೆಳಗೆ ಅದು. ಲಿಫ್ಟಿನವರೇ ಚಾದರ ತೆಗೆದರು. ಅವಳು ಇಂಜಿನ್ನಿನಿಂದ ಹೊರಟ ಕೊಳವೆಗಳನ್ನು, ಹ್ಯಾಂಡಲಿನಿಂದ ಇಳಿದುಹೋಗುವ ತಂತಿಗಳನ್ನು, ಪ್ರತಿ ತಿರುಪನ್ನು ನೋಡಿದಳು. ಏನೂ ಬಚ್ಚಿಟ್ಟಿರಲಿಲ್ಲ. ಹಿಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿದಳು; ಚಕ್ರಗಳು ನೂಲು ಹಿಡಿದ ಹಾಗೆ ನೇರವಾಗಿದ್ದವು. ನಿಧಾನಿಯ ಷೆಡ್ಡಿನಲ್ಲಿ ಆಗದೇ ಇದ್ದದ್ದು ಅಲ್ಲಿ ಆಯಿತು. ಈ ಗಾಡಿ ತನಗೆ ಬೇಕು ಎಂದು, ಚಿಕ್ಕವಳಿದ್ದಾಗಿನಿಂದ ಯಾವುದನ್ನೂ ಬಯಸದ ಹಾಗೆ, ಬಯಸಿದಳು.

ಹೆಂಡತಿ ಸಂತೋಷದಿಂದ ಚಹಾ ಮಾಡಲು ಒಳಗೆ ಹೋದರು. ಆಗ ಲಿಫ್ಟಿನವರು ದನಿ ತಗ್ಗಿಸಿದರು.

ಈ ಗಾಡಿಯ ಗೇರು ಬಲಗಾಲಿಗೆ, ನೋಡಿದಿರಾ ಎಂದರು. ಹಳೆಯ ಕಾಲದ ಗಾಡಿಗಳು ಕೆಲವು ಹಾಗೇ. ಕಿಕ್ ಹೊಡೆಯುವುದೂ ಬಲಗಾಲಲ್ಲೇ. ಎಡಗಾಲಿಗೆ ಒಂದೇ ಕೆಲಸ, ಹಿಂದಿನ ಬ್ರೇಕು ಒತ್ತುವುದು. ಅಂದರೆ ಇಡೀ ಊರಿನಲ್ಲಿ ತಾನು ಓಡಿಸಬಹುದಾದ ಗಾಡಿ ಇದೊಂದೇ. ಆದರೆ ಈಗ ಹಾಕಿರುವ ಪಾದ ಮೆತ್ತಗಿದೆ, ಒತ್ತಿದರೆ ಹಿಮ್ಮಡಿಯ ಹತ್ತಿರ ಬಾಗಿಬಿಡುತ್ತದೆ, ಬ್ರೇಕಿಗೆ ಬಲ ಸಿಗುವುದಿಲ್ಲ.

"ಬಾಗದೇ ಇರೋ ಪಾದ ಒಂದು ಹಾಕ್ಕೊಡಿ. ಒಂದೇ ಒಂದು ಸಲ ಓಡಿಸ್ತೀನಿ, ಖಾಲಿ ಜಾಗದಲ್ಲಿ. ಆಮೇಲೆ ಗಾಡಿ ನಿಮ್ಮದು. ನಾನೇ ಕಲಿಸಿಕೊಡ್ತೀನಿ."

"ನಿಮ್ಮ ಮನೆಯವರಿಗೆ?"

"ಅವಳಿಗೆ ಹೇಳಿದ್ರೆ ಆಗುತ್ತಾ?"

ಹೆಂಡತಿ ಚಹಾ ತಂದಿಟ್ಟು, ಎಲ್ಲ ಮಾತಾಡಿದಿರಾ ಎಂದು ಕೇಳಿದರು. ಮಾತಾಡಿದೆವು ಎಂದಳು ಕಾಲಕ್ಕ. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ ಎಂದು ಅವಳು ಮುಂದೆ ಎಷ್ಟೋ ಸಲ ಹೇಳಿಕೊಂಡದ್ದುಂಟು. ಆದರೆ ಕುಡಿದಳು.

ಎರಡು ವಾರ ಅವಳು ತನ್ನೊಳಗೇ ಜಗ್ಗಾಡಿದಳು. ಪಾದ ಬಾಗುವುದು ಸುಮ್ಮನೆ ಅಲ್ಲ. ಏರುತಗ್ಗಿನ ನೆಲದಲ್ಲಿ, ಥಟ್ಟನೆ ತಿರುಗಬೇಕಾದಾಗ, ಆ ಬಾಗುವಿಕೆಯೇ ಮನುಷ್ಯನನ್ನು ಬೀಳದ ಹಾಗೆ ಕಾಯುವುದು. ಇದನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳೇ ಪಾಠ ಮಾಡುತ್ತಿದ್ದಳು. ಆದರೂ, ಈ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಿದ್ದು ಆ ಗಾಡಿಯಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಲಿಫ್ಟಿನ ಕೆಲಸದಲ್ಲಿ ಕಬ್ಬಿಣದ ಏಣಿ ಹತ್ತಬೇಕು, ಅದಕ್ಕೂ ಗಟ್ಟಿ ಪಾದವೇ ಒಳ್ಳೆಯದು ಎಂದೂ ಹೇಳಿಕೊಂಡಳು. ಕೊನೆಗೆ ಒಂದು ಮಧ್ಯಾಹ್ನ ಗಟ್ಟಿ ರಬ್ಬರಿನ ತುಂಡು ಕೂರಿಸಿ, ಹಿಮ್ಮಡಿಗೆ ಮರದ ಬೆಣೆ ಕೊಟ್ಟು ಆ ಪಾದವನ್ನು ಮಾಡಿದಳು. ವಿಭಾಗದ ಪುಸ್ತಕದಲ್ಲಿ "ಏಣಿ ಹತ್ತುವ ಕೆಲಸಕ್ಕಾಗಿ" ಎಂದು ಬರೆದಳು. ಅದನ್ನು ಬರೆಯುವಾಗ ಅಕ್ಷರ ಎಂದಿನಷ್ಟೇ ದುಂಡಗೆ ಬಂದದ್ದು ನೋಡಿ ಅವಳಿಗೇ ಒಂಥರಾ ಅನ್ನಿಸಿತು.

ಗಾಡಿಯನ್ನು ಮನೆಯಿಂದ ಹೊರಗೆ ತರುವುದು ಕಷ್ಟವಾಗಲಿಲ್ಲ. ಕೊಳ್ಳುವ ಮೊದಲು ಮೆಕ್ಯಾನಿಕ್ಕಿಗೆ ತೋರಿಸುತ್ತೇನೆಂದು ಕಾಲಕ್ಕ ಹೇಳಿದಳು; ಹೆಂಡತಿ ತಾವೇ ಬಾಗಿಲ ಎರಡೂ ರೆಕ್ಕೆ ತೆರೆದು ಹಿಡಿದರು. ನಿಧಾನಿ ಬಂದು ಗಾಡಿ ಹೊರಡಿಸಿದ. ಊರಾಚೆ, ಬಸ್ಸುಗಳು ಬಿಟ್ಟುಹೋದ ಹಳೆಯ ಡಿಪೋದ ಅಂಗಳಕ್ಕೆ ಹೋದರು. ಅರ್ಧ ಸಿಮೆಂಟು, ಅರ್ಧ ಜಲ್ಲಿಕಲ್ಲು, ಅಂಚಿನಲ್ಲಿ ಹುಲ್ಲು. ಬೆಳಗಿನ ಎಂಟು ಗಂಟೆಯ ಬಿಸಿಲು. ಲಿಫ್ಟಿನವರು ಬಾಡಿಗೆ ಕಾರಿನಲ್ಲಿ ಬಂದಿಳಿದರು; ಮನೆಯಲ್ಲಿ ನಡಿಗೆ ಅಭ್ಯಾಸಕ್ಕೆ ಹೋಗುತ್ತೇನೆ ಎಂದು ಹೇಳಿದ್ದರು.

ಅವರನ್ನು ನೋಡಿದ ಕೂಡಲೇ ನಿಧಾನಿಗೆ ವಿಷಯ ಹೊಳೆಯಿತು. ಅವನು ಕಾಲಕ್ಕನನ್ನು ಪಕ್ಕಕ್ಕೆ ಕರೆದು, ಅವರು ಓಡಿಸಿದರೆ ಓಡಿಸಲಿ, ಮೂವತ್ತು ವರ್ಷದ ಕೈ ಅದು, ನೀವು ಮಾತ್ರ ಇವತ್ತು ಹತ್ತಬೇಡಿ ಎಂದ. "ನಿಮ್ಮ ಬಲಗಾಲಿಗೆ ಬ್ರೇಕು ಅಂತ ಕಲಿಸಿದಾರೆ. ಈ ಗಾಡೀಲಿ ಬಲಗಾಲಿಗೆ ಗೇರಿದೆ. ತಲೆಗೆ ಗೊತ್ತಾಗುತ್ತೆ ಅಕ್ಕ, ಕಾಲಿಗೆ ಗೊತ್ತಾಗಕ್ಕೆ ಟೈಮ್ ಬೇಕು." ಕಾಲುಗಳ ವಿಷಯ ತನಗೆ ಹೇಳಿಕೊಡುತ್ತಾನಲ್ಲ ಎಂದು ಅವಳಿಗೆ ನಗು ಬಂತು.

ಲಿಫ್ಟಿನವರು ಗಾಡಿ ಹತ್ತಿದರು. ಹ್ಯಾಂಡಲಿನ ಹತ್ತಿರದ ಕರೆಂಟಿನ ಮೀಟರಿನ ಸಣ್ಣ ಮುಳ್ಳು ನಡುವಿಗೆ ಬರುವ ತನಕ ಕಿಕ್ಕರನ್ನು ಮೆಲ್ಲಗೆ ಒತ್ತಿ, ಆಮೇಲೆ ಒಂದೇ ಏಟು. ಇಂಜಿನ್ನು ಗುಡುಗಿತು. ಅವರು ಅಂಗಳದ ಸುತ್ತ ಒಂದು ಸುತ್ತು ಹೊಡೆದರು, ಎರಡು ಸುತ್ತು ಹೊಡೆದರು. ತಿರುವಿನಲ್ಲಿ ವಾಲುವಾಗ ಯಾವ ಕಾಲು ಯಾರು ಮಾಡಿದ್ದು ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ನಿಲ್ಲಿಸುವಾಗ ಎಡಗಾಲಿನ ಪಾದ ಬ್ರೇಕನ್ನು ಅಳತೆ ಮಾಡಿದ ಹಾಗೆ ಒತ್ತಿತು. ಇಪ್ಪತ್ತೊಂದು ವರ್ಷದಲ್ಲಿ ತಾನು ಮಾಡಿದ ಕಾಲುಗಳಲ್ಲಿ ಇಷ್ಟು ಚೆಂದ ಕೆಲಸ ಮಾಡಿದ್ದು ಇನ್ನೊಂದಿಲ್ಲ ಎಂದು ಕಾಲಕ್ಕನಿಗೆ ಅನ್ನಿಸಿತು. ಇಳಿದು ನಿಂತ ಲಿಫ್ಟಿನವರ ಮುಖದಲ್ಲಿ ಬೆವರು, ತುಟಿ ಅದುರುತ್ತಿತ್ತು. ಹ್ಯಾಂಡಲನ್ನು ಅವಳ ಕೈಗೆ ಕೊಟ್ಟರು.

ಅವಳು ಹತ್ತಿದಳು. ಅವರು ಹೇಳಿಕೊಟ್ಟ ಹಾಗೆ ಮೊದಲ ಗೇರು ಹಾಕಿ, ಕ್ಲಚ್ಚು ಬಿಟ್ಟು, ನಿಧಾನವಾಗಿ ಹೊರಟಳು. ಸಿಮೆಂಟಿನ ನೆಲದ ಉದ್ದಕ್ಕೂ ಹೋಗಿ, ತಿರುಗಿಸಿ, ವಾಪಸು ಬರತೊಡಗಿದಳು. ಸೀಟಿನ ಕೆಳಗಿನ ಆ ದೊಡ್ಡ ಬಡಿತ ಮೈಗೆಲ್ಲ ಹರಡಿತು. ಇದೇನಾ ಅವರೆಲ್ಲ ಹೇಳುತ್ತಿದ್ದದ್ದು ಎಂದುಕೊಂಡಳು. ಅಷ್ಟರಲ್ಲಿ ಎದುರಿಗೆ, ಜಲ್ಲಿಕಲ್ಲಿನ ಅಂಚಿನಲ್ಲಿ, ಲಿಫ್ಟಿನವರು ಕೈಯೆತ್ತಿ ನಿಲ್ಲಿಸಿ ಎಂದು ಸನ್ನೆ ಮಾಡುತ್ತಿದ್ದರು.

ಬಲಗಾಲಲ್ಲಿ ಬಲವಾಗಿ ಒತ್ತಿದಳು. ಗಾಡಿ ನಿಲ್ಲಲಿಲ್ಲ. ಗೇರು ಬಿದ್ದು ಮುಗ್ಗರಿಸಿದ ಹಾಗೆ ಮುಂದಕ್ಕೆ ಜಿಗಿಯಿತು. ಮತ್ತೆ ಒತ್ತಿದಳು, ಇನ್ನೂ ಬಲವಾಗಿ, ಅದೇ ಕಾಲಲ್ಲಿ. ಕೈಯಲ್ಲಿ ಮುಂದಿನ ಬ್ರೇಕು ಇದೆ ಎಂಬುದು ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ. ಲಿಫ್ಟಿನವರು ಪಕ್ಕಕ್ಕೆ ಸರಿಯಲು ಎಡಗಾಲಿನ ಮೇಲೆ ತಿರುಗಿದರು. ಬಾಗದ ಪಾದ ಜಲ್ಲಿಕಲ್ಲಿನ ಮೇಲೆ ಅಂಚಿಗೆ ಸಿಕ್ಕಿ ಹಾಗೇ ನಿಂತಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಕೂತ ಹಾಗೆ ಬಿದ್ದರು. ಚಾಚಿದ ಅವರ ಬಲಗಾಲಿನ ಮೇಲೆ ಗಾಡಿ ಹೋಯಿತು.

ಅವಳು ಎರಡು ಮಾರು ಮುಂದೆ ಗಾಡಿಯ ಜೊತೆ ಹುಲ್ಲಿನಲ್ಲಿ ಬಿದ್ದಿದ್ದಳು. ಮೊಣಕೈ ತರಚಿತ್ತು, ಅಷ್ಟೆ. ಎದ್ದು ಓಡಿ ಬಂದು, ಅವರ ಪ್ಯಾಂಟು ಹರಿದು, ಕಾಲನ್ನು ನೋಡಿದಳು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿದ್ದವು. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು, ಎಕ್ಸ್-ರೇ ಬೇಕಾಗಿರಲಿಲ್ಲ. ನಿಧಾನಿ ಎಂದೂ ಇಲ್ಲದಷ್ಟು ಬೇಗ ಫೋನು ಮಾಡಿದ, ಹಲಗೆ ಹುಡುಕಿದ, ತನ್ನ ಅಂಗಿ ಹರಿದು ಪಟ್ಟಿ ಮಾಡಿಕೊಟ್ಟ. ಅವಳ ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡಿತು: ಕಟ್ಟಿತು, ಬಿಗಿ ಮಾಡಿತು, ನಾಡಿ ನೋಡಿತು. ಲಿಫ್ಟಿನವರು ಹಲ್ಲು ಕಚ್ಚಿಕೊಂಡು, ಗಾಡಿಯ ಪೆಟ್ರೋಲು ಸೋರುತ್ತಿದೆ, ಮುಚ್ಚಿಬಿಡಿ ಎಂದರು.

ಅದೇ ಆಸ್ಪತ್ರೆಗೆ ಕರೆತಂದರು, ಮುಂಬಾಗಿಲಿನಿಂದ. ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ಯುವಾಗ ಲಿಫ್ಟಿನವರು ಡಾಕ್ಟರ ಹತ್ತಿರ, ನಾನೇ ಓಡಿಸಿ ಬಿದ್ದೆ, ಯಾರದೂ ತಪ್ಪಿಲ್ಲ ಎಂದು ಬರೆಸಿದ್ದರು. ಕಾಲಕ್ಕನಿಗೆ ಅದನ್ನು ನರ್ಸ್ ಹೇಳಿದಳು. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದವಳಿಗೆ, ಹಾಗಾದರೆ ತಾನು ಸುಮ್ಮನಿದ್ದರೂ ನಡೆಯುತ್ತದೆ ಎಂಬ ಯೋಚನೆ ಬಂದುಹೋಯಿತು. ಬರಲಿಲ್ಲ ಎಂದು ಅವಳು ಯಾವತ್ತೂ ಹೇಳಲಿಲ್ಲ.

ಹೆಂಡತಿ ಅಂಗಡಿಯಿಂದ ನೇರವಾಗಿ ಬಂದರು. ಕೊರಳಲ್ಲಿ ಇನ್ನೂ ಅಳತೆಯ ಪಟ್ಟಿ ನೇತಾಡುತ್ತಿತ್ತು. ಅವಳ ಮುಂದೆ ನಿಂತು, ಎಷ್ಟೋ ಜನರ ಕಣ್ಣಿಗೆ ಕನ್ನಡಕ ಕೂರಿಸಿದ ಆ ನೇರ ನೋಟದಿಂದ ನೋಡಿದರು.

"ಗಾಡಿ ಯಾರು ಓಡಿಸ್ತಿದ್ರು?"

"ನಾನು," ಎಂದಳು ಕಾಲಕ್ಕ. ಆಮೇಲೆ ಉಳಿದದ್ದನ್ನೂ ಹೇಳಿದಳು. ಮೊದಲ ದಿನದ ಒಪ್ಪಂದ, ಬಾಗದ ಪಾದ, ಪುಸ್ತಕದಲ್ಲಿ ಬರೆದ ಸುಳ್ಳು, ಎಲ್ಲ. ಹೇಳುವಾಗ ನಡುನಡುವೆ ಮಾತು ಸಿಕ್ಕಿಕೊಳ್ಳುತ್ತಿತ್ತು. ಹೆಂಡತಿ ತಡೆಯಲಿಲ್ಲ, ಅಳಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದರು:

"ಗಾಡೀನ ಇವರಿಂದ ದೂರ ತಗೊಂಡು ಹೋಗಿ ಅಂತ ನಿಮ್ಮ ಹತ್ರ ಬಂದೆ ನಾನು. ಇವರನ್ನ ಗಾಡಿ ಹತ್ರ ಕರ್ಕೊಂಡು ಹೋಗಿ ಅಂದಿದ್ನಾ?"

 ಹೆಂಡತಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಮೂರೂವರೆ ಗಂಟೆ ಇಬ್ಬರೂ ಹಾಗೇ ಕೂತಿದ್ದರು.

ಕಾಲು ಉಳಿಯಿತು. ಒಳಗೆ ಸ್ಟೀಲಿನ ಪಟ್ಟಿ ಹಾಕಿದರು, ನಾಲ್ಕು ತಿಂಗಳು ಊರಕೂಡದು ಎಂದರು. ಕಾಲಕ್ಕ ಮೇಲಧಿಕಾರಿಯ ಮುಂದೆ ಹೋಗಿ ನಡೆದದ್ದನ್ನು ಬರೆದುಕೊಟ್ಟಳು. ಆರು ತಿಂಗಳು ಹೊಸ ಕಾಲು ಮಾಡಕೂಡದು, ಹಳೆಯವುಗಳ ಪಟ್ಟಿ, ಬಕಲು ರಿಪೇರಿ ಮಾತ್ರ ಎಂದು ಆದೇಶವಾಯಿತು. ಅವಳ ಕೈಕೆಳಗೆ ಕಲಿತವನು ಅಚ್ಚು ತೆಗೆಯುವಾಗ ಅವಳು ಪಕ್ಕದ ಮೇಜಿನಲ್ಲಿ ಕೂತು ಚರ್ಮದ ಪಟ್ಟಿಗೆ ತೂತು ಹೊಡೆಯುತ್ತಿದ್ದಳು. ಕಾಲಕ್ಕೆ ಸರಿಯಾಗಿ ಬರದವರನ್ನು ಬೈಯುವುದೂ ನಿಂತಿತು. ಮನೆಯಲ್ಲಿ ಅಮ್ಮ ಒಂದು ಮಾತೂ ಕೇಳಲಿಲ್ಲ. ಮೂವತ್ತು ವರ್ಷ ಬೇರೆಯವರ ಮಾತು ಕೇಳಿಸಿಕೊಂಡವಳಿಗೆ ಯಾವಾಗ ಲೈನು ಬಿಡಬೇಕೆಂದು ಗೊತ್ತಿತ್ತು. ಮಗಳ ಮೊಣಕೈ ಗಾಯಕ್ಕೆ ದಿನಾ ಔಷಧಿ ಮಾತ್ರ ಹಚ್ಚಿದಳು.

ಒಂದು ಮಧ್ಯಾಹ್ನ, ಹೆಂಡತಿ ಅಂಗಡಿಯಲ್ಲಿರುವ ಹೊತ್ತು ನೋಡಿ, ಕಾಲಕ್ಕ ವಾರ್ಡಿಗೆ ಹೋದಳು. ಲಿಫ್ಟಿನವರು ಹಾಸಿಗೆಯಲ್ಲಿ ಸಣ್ಣಗಾಗಿ ಹೋಗಿದ್ದರು. ಎಡಗಡೆ ಹೊದಿಕೆ ಮೊಣಕಾಲಿನ ಕೆಳಗೆ ಚಪ್ಪಟೆ, ಬಲಗಡೆ ಪ್ಲಾಸ್ಟರಿನ ದಿಣ್ಣೆ. ಅವಳು ಕ್ಷಮೆ ಕೇಳಿದಳು. ಅವರು ಕೈಯಾಡಿಸಿದರು.

"ಎರಡು ಸುತ್ತು ಹೊಡೆದೆ. ಇನ್ನೊಂದು ಸಲ ಕೇಳಿದ್ರೂ ಅದೇ ಮಾಡ್ತಿದ್ದೆ ಅನ್ಸುತ್ತೆ," ಎಂದು ಹೇಳಿ ಬಾಗಿಲ ಕಡೆ ನೋಡಿದರು. "ಆದ್ರೆ ಇದನ್ನ ಅವಳಿಗೆ ಹೇಳ್ಬೇಡಿ. ಬಾತ್ರೂಮಿಗೂ ಅವಳೇ ಎತ್ಕೊಂಡು ಹೋಗ್ತಾಳೆ ಈಗ."

ಈ ಮಾತನ್ನು ಇಟ್ಟುಕೊಂಡು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಹೆಂಡತಿಯಿಂದ ಮುಚ್ಚಿಡಬೇಕಾದದ್ದು ಇನ್ನೂ ಒಂದು ಸೇರಿತಲ್ಲ ಎಂದುಕೊಂಡು ಮೆಟ್ಟಿಲಿಳಿದಳು.

ಪ್ಲಾಸ್ಟರು ಬಿಚ್ಚಿ, ಆರು ತಿಂಗಳೂ ಕಳೆದ ಮೇಲೆ, ಹೆಂಡತಿ ವಿಭಾಗಕ್ಕೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಅದರೊಳಗಿಂದ ಗಂಡನ ಎಡಗಾಲನ್ನು ತೆಗೆದು ಮೇಜಿನ ಮೇಲೆ, ಕಾಲಕ್ಕನ ಮುಂದೆಯೇ ಇಟ್ಟರು. ಅವಳ ಕೈಕೆಳಗಿನವನು ಎದ್ದು ಬಂದ; ಬೇಡ, ಮಾಡಿದವರೇ ಬದಲಾಯಿಸಲಿ ಎಂದರು. ಕಾಲಕ್ಕ ಬೋಲ್ಟು ಬಿಚ್ಚಿ ಗಟ್ಟಿ ಪಾದ ತೆಗೆದು, ಮೆತ್ತನೆಯದು ಕೂರಿಸಿ, ತೂಗುಗುಂಡು ಇಳಿಬಿಟ್ಟು ನೇರ ನೋಡಿದಳು. ಹೆಂಡತಿ ಅದನ್ನು ತಾವೇ ಎತ್ತಿಕೊಂಡು, ಕನ್ನಡಕದ ಕಡ್ಡಿಯನ್ನು ಪರೀಕ್ಷಿಸುವ ಹಾಗೆ, ಪಾದವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಬಾಗಿಸಿ ನೋಡಿದರು. ಐದಾರು ಸಲ ನೋಡಿದರು.

"ಈಗ ಸರಿಯಾಗಿದೆಯಾ?"

"ಸರಿಯಾಗಿದೆ."

"ನೀವು ಹೇಳೋದನ್ನ ನಂಬೋದು ಬಿಟ್ಟರೆ ನಮಗೆ ಬೇರೆ ದಾರಿ ಇಲ್ಲ," ಎಂದು ಹೇಳಿ ಚೀಲಕ್ಕೆ ಹಾಕಿಕೊಂಡು ಹೋದರು. ಹೊಡೆದಂತೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು.

ಹಸಿರು ಗಾಡಿಯನ್ನು ನಿಧಾನಿಯೇ ಬೇರೆ ಊರಿನ ಒಬ್ಬರಿಗೆ ಮಾರಿಸಿಕೊಟ್ಟ. ಕೊಂಡವನಿಗೆ ಕಿಕ್ ಹೊಡೆಯಲು ಬರುತ್ತದೆಯೇ ಎಂದು ಲಿಫ್ಟಿನವರು ಕೇಳಿದರಂತೆ. ಬರುತ್ತದೆ ಎಂದಮೇಲೆ ಮತ್ತೇನೂ ಕೇಳಲಿಲ್ಲವಂತೆ. ಕೆಲಸಕ್ಕೆ ಮರಳಿದಾಗ ಅವರನ್ನು ಆಫೀಸಿನಲ್ಲಿ ಕೂರಿಸಿದರು. ಕೆಟ್ಟ ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಫೋನು ಬಂದರೆ, ಜನ ಬರುವವರೆಗೆ ಅವರ ಜೊತೆ ಮಾತಾಡುತ್ತ ಧೈರ್ಯ ಹೇಳುವುದು.

ಕಾಲಕ್ಕನ ಲೈಸೆನ್ಸು ಹನ್ನೊಂದು ತಿಂಗಳು ಬೀರುವಿನಲ್ಲಿ ಬಟ್ಟೆಯ ಕೆಳಗಿತ್ತು. ಅದನ್ನು ಹರಿದು ಹಾಕಬೇಕೆಂದು ಅನ್ನಿಸಿದ್ದುಂಟು. ಆದರೆ ರಸ್ತೆಯಲ್ಲಿ ಹಳೆಯ ಇಂಜಿನ್ನಿನ ಬಡಿತ ಕೇಳಿದರೆ ಅವಳ ತಲೆ ಈಗಲೂ ತಿರುಗುತ್ತಿತ್ತು. ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಇಷ್ಟಾದ ಮೇಲಾದರೂ ಆಸೆ ಸಾಯಬೇಕಿತ್ತು, ಸಾಯಲಿಲ್ಲ. ಕೊನೆಗೆ ಒಂದು ದಿನ ನಿಧಾನಿಯ ಷೆಡ್ಡಿಗೆ ಹೋದಳು. ನೀಲಿ ಗಾಡಿ ಅಲ್ಲೇ ಇತ್ತು. ನಿಧಾನಿ ಬಟ್ಟೆ ತೆಗೆದುಕೊಂಡು ಸೀಟು ಒರೆಸಿದ. ಒಂದು ತಿಂಗಳು ಪ್ರತಿ ಭಾನುವಾರ ಅವಳನ್ನು ಖಾಲಿ ರಸ್ತೆಯಲ್ಲಿ ಬರೀ ನಿಲ್ಲಿಸುವುದನ್ನೇ ಮಾಡಿಸಿದ. ಹೊರಡು, ನಿಲ್ಲಿಸು, ಹೊರಡು, ನಿಲ್ಲಿಸು. ಗಾಡಿ ಮನೆಗೆ ಬಂದ ದಿನ ಅಮ್ಮ ಮಹಡಿಯಿಂದ ಬಗ್ಗಿ ನೋಡಿ, ಎಲ್ಲಿಗೆ ಹೋದರೂ ತಲುಪಿದ ಕೂಡಲೇ ಫೋನು ಮಾಡು ಎಂದಷ್ಟೇ ಹೇಳಿದಳು.

ಅವಳು ಅದನ್ನು ಆಸ್ಪತ್ರೆಯಲ್ಲಿ ರೋಗಿಗಳ ಕಣ್ಣಿಗೆ ಬೀಳದ ಹಾಗೆ, ಬಟ್ಟೆ ಒಗೆಯುವ ಕೋಣೆಯ ಹಿಂದೆ ನಿಲ್ಲಿಸುತ್ತಿದ್ದಳು. ಪ್ರತಿ ಸಿಗ್ನಲ್ಲಿನಲ್ಲೂ ಅವಳಿಗೆ ಒಂದು ಗಳಿಗೆ ಅನುಮಾನ, ಯಾವ ಕಾಲು ಎಂದು. ಹಿಂದಿನವರು ಹಾರನ್ನು ಹೊಡೆಯುತ್ತಾರೆ. ಅವಳು ಬೇಕಾದಷ್ಟು ಮುಂಚೆಯೇ ವೇಗ ಇಳಿಸುತ್ತಾಳೆ, ಕೈಯ ಬ್ರೇಕನ್ನೂ ಹಿಡಿಯುತ್ತಾಳೆ.

ಒಂದು ಸಂಜೆ ಕೆಲಸ ಮುಗಿಸಿ ಹೆಲ್ಮೆಟ್ಟು ಹಾಕಿಕೊಳ್ಳುತ್ತಿದ್ದಾಗ ಲಿಫ್ಟಿನವರೂ ಹೆಂಡತಿಯೂ ಆ ದಾರಿಯಲ್ಲೇ ಬಂದರು. ತಪಾಸಣೆಯ ದಿನವಾಗಿತ್ತು, ಹತ್ತಿರದ ದಾರಿಯೆಂದು ಹಿಂಬಾಗಿಲಿಗೆ ಬಂದಿದ್ದರು. ಹೆಂಡತಿ ಗಾಡಿಯನ್ನು ನೋಡಿದರು, ಅವಳನ್ನು ನೋಡಿದರು, ನಡಿಗೆ ನಿಲ್ಲಿಸದೆ ಮುಂದೆ ಹೋಗಿ ಕಟ್ಟಡದ ಬಾಗಿಲು ತೆರೆದು ಹಿಡಿದು ನಿಂತರು. ಲಿಫ್ಟಿನವರು ಕುಂಟುತ್ತ ಬಂದವರು ಗಾಡಿಯ ಹತ್ತಿರ ನಿಂತುಬಿಟ್ಟರು.

"ಗೇರು ಎಡಕ್ಕಾ?"

"ಎಡಕ್ಕೆ," ಎಂದಳು.

ಒಳ್ಳೆಯದಾಯಿತು ಎಂದರು. ಇನ್ನೇನೋ ಕೇಳುವುದಿತ್ತು ಎನ್ನುವ ಹಾಗೆ ಟ್ಯಾಂಕಿನ ಮೇಲೆ ಕೈಯಿಡಲು ಹೋಗಿ, ಬಾಗಿಲ ಹತ್ತಿರ ಕಾಯುತ್ತಿದ್ದ ಹೆಂಡತಿಯತ್ತ ನೋಡಿ, ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಬಾಗಿಲು ಮುಚ್ಚಿಕೊಂಡಿತು. ಕಾಲಕ್ಕ ಗಾಡಿಯನ್ನು ಸ್ಟಾರ್ಟ್ ಮಾಡಲಿಲ್ಲ. ಸ್ಟ್ಯಾಂಡು ತೆಗೆದು, ಸಿಲಿಂಡರಿನ ಷೆಡ್ಡು ದಾಟಿ, ಗೇಟು ದಾಟಿ, ರಸ್ತೆಯ ತಿರುವಿನವರೆಗೂ ತಳ್ಳಿಕೊಂಡೇ ಹೋದಳು. ಒಳಗೆ ಶಬ್ದ ಕೇಳಿಸದು ಎಂದು ಖಾತ್ರಿಯಾದ ಮೇಲೆ ಕಿಕ್ ಹೊಡೆದಳು.